ಸ್ಕ್ಯಾನರ್ ಬಂತು, ಡ್ರೈವರ್ ಎಲ್ಲಿ?

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ಕಾಲಕ್ಕೆ ಯಾದಗಿರಿ, ಶಹಾಪುರ, ಸುರಪುರಗಳ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಕೈಯಲ್ಲಿ ಅಂಕಪಟ್ಟಿ, ಕಂಕುಳಲ್ಲಿ ಕಾಗದಪತ್ರಗಳ ಪ್ಲಾಸ್ಟಿಕ್ ಚೀಲ ಹಿಡಿದು ತಂದೆಯೋ ತಾಯಿಯೋ ಮಗಳನ್ನು ಮುಂದಿಟ್ಟುಕೊಂಡು ಸರದಿಯಲ್ಲಿ ನಿಂತಿರುತ್ತಾರೆ. ಹಿಂದೆಲ್ಲ ದೃಢೀಕರಿಸಿದ ನಕಲುಗಳನ್ನು ಅರ್ಜಿಗೆ ಲಗತ್ತಿಸಿ ರಿಜಿಸ್ಟರ್ಡ್ ಅಂಚೆಗೆ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಈಗ ಕಾಗದ ಕಂಪ್ಯೂಟರಿನೊಳಕ್ಕೆ ಹೋಗಬೇಕು. ಅದೂ ಕೊನೆಯ ದಿನಾಂಕದೊಳಗೆ, ಇಷ್ಟೇ ಕಿಲೋಬೈಟ್ ಗಾತ್ರದಲ್ಲಿ, ಸಹಿ-ಮೊಹರು ಸ್ಪಷ್ಟವಾಗಿ ಕಾಣುವಂತೆ. ‘ಇವತ್ತ್ ಆಗಂಗಿಲ್ರಿ, ನಾಳಿ ಬರ್ರಿ’ ಎಂಬ ಮಾತು ಕೇಳಿ ಹಳ್ಳಿಗೆ ಮರಳುವವರಿಗೆ ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯೂ ಹೋಯಿತೆಂದೇ ಲೆಕ್ಕ.

ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಈ ಕಾಗದಗಳ ಬೆಲೆ ಒಂದು ತೂಕ ಹೆಚ್ಚೇ. ಸಂವಿಧಾನದ 371 (ಜೆ) ವಿಧಿಯ ಅನ್ವಯ 2013ರಲ್ಲಿ ಹೊರಟ ಆದೇಶಗಳಂತೆ, ಆಗ ಹೈದರಾಬಾದ್ ಕರ್ನಾಟಕವೆನಿಸಿ 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಸಿಕೊಳ್ಳುತ್ತಿರುವ ಈ ಪ್ರದೇಶದ ಕಾಲೇಜುಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳು ಇಲ್ಲಿನವರಿಗೆ ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿಯವರ ಅರ್ಹತಾ ಪತ್ರ ಬೇಕು. ಆ ಪತ್ರ ಪಡೆಯಲು ವಾಸದ, ವ್ಯಾಸಂಗದ ದಾಖಲೆಗಳು ಬೇಕು. ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ ಎಂಬ ಅನುಕೂಲಗಳಿಗೆ ಮುಖ್ಯೋಪಾಧ್ಯಾಯರ ಸಹಿಯಿರುವ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯಿರುವ ಹಾಳೆಗಳು ಬೇಕಾಗುತ್ತವೆ. ನೀಲಿ ಶಾಯಿಯ ದುಂಡು ಮೊಹರು ಅರ್ಧಂಬರ್ಧ ಮೂಡಿರುವ ಇಂಥ ಹಾಳೆಯನ್ನು ಕಂಪ್ಯೂಟರಿಗೆ ಕಳಿಸುವಾಗ ಅದು ಮಸುಕಾಯಿತೆಂದರೆ ತೊಂದರೆ ಹಾಳೆಗಲ್ಲ, ಸೀಟಿಗೆ.

ಈ ಪರದಾಟಕ್ಕೆ ಒಂದು ಪರಿಹಾರ, ಚೀಲದಲ್ಲಿಟ್ಟು ಒಯ್ಯಬಹುದಾದ ಪುಟ್ಟ ಸ್ಕ್ಯಾನರ್. ಹೆಚ್ಚುಕಡಿಮೆ ಲಟ್ಟಣಿಗೆಯಷ್ಟು ಉದ್ದ. ತೂಕ ಬಹುಪಾಲು ಮಾದರಿಗಳಲ್ಲಿ ಒಂದು ಕಿಲೋ ಮೀರದು. ಒಂದು ಕಡೆಯಿಂದ ಹಾಳೆ ತೂರಿಸಿದರೆ ಗಾಣಕ್ಕೆ ಕಬ್ಬು ಕೊಟ್ಟಂತೆ ಸೆಳೆದುಕೊಂಡು ಇನ್ನೊಂದು ಕಡೆಯಿಂದ ಹೊರಹಾಕುತ್ತದೆ. ಆ ಕೆಲವೇ ಕ್ಷಣಗಳಲ್ಲಿ ಹಾಳೆಯ ಚಿತ್ರ ಕಂಪ್ಯೂಟರಿಗೆ ಸೇರಿರುತ್ತದೆ. ಒಂದು ಹಾಸ್ಟೆಲ್ಲಿಗೋ ಪ್ರೌಢಶಾಲೆಗೋ ಇಂಥದೊಂದು ಇದ್ದರೆ ಮಕ್ಕಳು ಅಂಗಡಿಯ ಮುಂದೆ ಸಾಲು ನಿಲ್ಲುವುದು ತಪ್ಪುತ್ತದೆ.

ಆದರೆ ಪೆಟ್ಟಿಗೆ ಬಿಚ್ಚಿ, ಕೇಬಲ್ ಚುಚ್ಚಿ, ಹಾಳೆ ತೂರಿಸಿದರೆ ಎಷ್ಟೋ ಸಲ ಏನೂ ಆಗುವುದಿಲ್ಲ. ಬಲ್ಲವರನ್ನು ಕರೆಸಿದರೆ ‘ಡ್ರೈವರ್ ಇಲ್ಲ’ ಎಂಬ ಉತ್ತರ. ‘ಮಷೀನ್ ತಂದೀವಿ, ಇದಕ್ಕ ಡ್ರೈವರ್ ಬ್ಯಾರೆ ಬೇಕೇನ್ರಿ?’ ಎಂದು ಕೇಳಿದವರನ್ನು ನೋಡಿ ನಗಬೇಕಾಗಿಲ್ಲ. ಆ ಹೆಸರೇ ದಾರಿ ತಪ್ಪಿಸುವಂಥದು.

ನಡುವೆ ನಿಂತ ದುಭಾಷಿ

ಡ್ರೈವರ್ ಎಂಬುದು ಒಂದು ತಂತ್ರಾಂಶ. ಅದನ್ನು ಚಾಲಕ ಎನ್ನುವುದಕ್ಕಿಂತ ದುಭಾಷಿ ಎಂದರೆ ನಮ್ಮ ಸೀಮೆಯವರಿಗೆ ಬೇಗ ತಿಳಿದೀತು. 1948ರವರೆಗೆ ಈ ಮೂರೂ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆಡಳಿತದ ಭಾಷೆ ಉರ್ದು. ಅಜ್ಜನ ಕಾಲದ ಜಮೀನಿನ ಕಾಗದ ತೆಗೆದರೆ ಇಂದಿಗೂ ಅದನ್ನು ಓದಿ ಹೇಳಲು ಉರ್ದು ಬಲ್ಲ ಹಿರಿಯರೊಬ್ಬರು ಬೇಕು. ಹೊಲ ನಮ್ಮದು, ಕಾಗದವೂ ನಮ್ಮದು, ಆದರೆ ನಡುವೆ ಓದಿ ಹೇಳುವವರಿಲ್ಲದೆ ಎರಡಕ್ಕೂ ಸಂಬಂಧ ಕೂಡುವುದಿಲ್ಲ. ಸ್ಕ್ಯಾನರ್ ಮತ್ತು ಕಂಪ್ಯೂಟರಿನ ನಡುವಿನ ಸ್ಥಿತಿಯೂ ಇದೇ.

ಯಾಕೆ ಇಷ್ಟೊಂದು ಮಾತುಕತೆ ಬೇಕೆಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡಬಹುದು. ಸ್ಕ್ಯಾನರಿನ ಒಳಗೆ ಅಡ್ಡಲಾಗಿ ಒಂದು ಪಟ್ಟಿ ಇದೆ. ಅದರಲ್ಲಿ ಬೆಳಕನ್ನು ಗ್ರಹಿಸುವ ಸಾವಿರಾರು ಸೂಕ್ಷ್ಮ ಕಣ್ಣುಗಳು. ಹಾಳೆ ಮುಂದೆ ಸರಿದಂತೆ ಗೆರೆಗೆರೆಯಾಗಿ ಓದುತ್ತ ಹೋಗುತ್ತವೆ. ಅಂಗುಲಕ್ಕೆ 300 ಚುಕ್ಕೆಯಂತೆ ಒಂದು ಎ4 ಹಾಳೆಯನ್ನು ಓದಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ಹೀಗೆ ಎರಡೂವರೆ ಕೋಟಿಗೂ ಮೀರಿದ ಅಂಕಿಗಳು ತಂತಿಯಲ್ಲಿ ಹರಿದು ಬರಬೇಕು. ಮೋಟಾರು ಯಾವಾಗ ತಿರುಗಬೇಕು, ದೀಪ ಯಾವಾಗ ಹೊತ್ತಬೇಕು, ಬಣ್ಣವೋ ಕಪ್ಪು-ಬಿಳುಪೋ, ಹಾಳೆ ಎಲ್ಲಿ ಮುಗಿಯಿತು, ಇವೆಲ್ಲವನ್ನೂ ಆಯಾ ಯಂತ್ರದ ಭಾಷೆಯಲ್ಲೇ ಹೇಳಬೇಕು. ಆ ಭಾಷೆ ಒಂದು ಕಂಪನಿಯದು ಇನ್ನೊಂದು ಕಂಪನಿಗೆ ತಿಳಿಯದು. ಒಮ್ಮೊಮ್ಮೆ ಅದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಹೊಂದಿಕೆಯಾಗದು.

ಕಂಪ್ಯೂಟರಿಗೆ ಚಿತ್ರ ತೋರಿಸುವ ಈ ವಿದ್ಯೆ ಹುಟ್ಟಿದ್ದು 1957ರಲ್ಲಿ, ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ. ರಸೆಲ್ ಕಿರ್ಶ್ ಎಂಬ ತಜ್ಞ ತಮ್ಮ ಮೂರು ತಿಂಗಳ ಮಗನ ಫೋಟೋವನ್ನು ಮೊದಲು ಸ್ಕ್ಯಾನ್ ಮಾಡಿದರು. ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕೆ. ಒಟ್ಟು ಮೂವತ್ತೊಂದು ಸಾವಿರವೂ ತುಂಬದು. ಆಗ ಒಂದೇ ಯಂತ್ರ, ಒಂದೇ ಕಂಪ್ಯೂಟರ್. ದುಭಾಷಿಯ ತಂಟೆಯೇ ಇರಲಿಲ್ಲ.

ತಂಟೆ ಶುರುವಾದದ್ದು ಯಂತ್ರಗಳು ಬಗೆಬಗೆಯಾಗಿ ಮಾರುಕಟ್ಟೆಗೆ ಬಂದಾಗ. ಹತ್ತು ಬಗೆಯ ಸ್ಕ್ಯಾನರ್, ಹತ್ತು ಬಗೆಯ ಚಿತ್ರ ತಂತ್ರಾಂಶ ಇದ್ದರೆ ಪರಸ್ಪರ ಹೊಂದಿಸಲು ನೂರು ದುಭಾಷಿಗಳು ಬೇಕು. ಎಲ್ಲರೂ ಒಂದು ಸಾಮಾನ್ಯ ಪದ್ಧತಿಗೆ ಒಪ್ಪಿದರೆ ಇಪ್ಪತ್ತು ಸಾಕು. ಹ್ಯೂಲೆಟ್ ಪ್ಯಾಕರ್ಡ್, ಕೊಡ್ಯಾಕ್, ಲಾಜಿಟೆಕ್ ಮೊದಲಾದ ಕಂಪನಿಗಳು ಕೂಡಿ 1992ರಲ್ಲಿ ತಂದ ‘ಟ್ವೇನ್’ ಅಂಥ ಪದ್ಧತಿ. ‘ಆಸಕ್ತಿ ಹುಟ್ಟಿಸುವ ಹೆಸರಿಲ್ಲದ ತಂತ್ರಜ್ಞಾನ’ ಎಂದು ಅದರ ಅಕ್ಷರಗಳನ್ನು ಬಿಡಿಸಿ ಹೇಳುವ ತಮಾಷೆಯೂ ಇದೆ. ಮುಂದೆ ಮೈಕ್ರೊಸಾಫ್ಟ್ ತನ್ನ ವಿಂಡೋಸ್ ಜೊತೆಗೆ ‘ವಿಯಾ’ ಎಂಬ ಇನ್ನೊಂದು ಪದ್ಧತಿ ತಂದಿತು. ಲಿನಕ್ಸ್ ಬಳಸುವವರಿಗೆ ‘ಸೇನ್’ ಇದೆ. ಸ್ಕ್ಯಾನರಿನ ಪೆಟ್ಟಿಗೆಯ ಮೇಲೆ ಈ ಹೆಸರುಗಳಿದ್ದರೆ ಗಾಬರಿ ಬೇಡ. ಈ ಯಂತ್ರದ ದುಭಾಷಿ ಯಾವ ಯಾವ ಪದ್ಧತಿ ಬಲ್ಲ ಎಂಬುದರ ಸೂಚನೆ ಅದು, ಅಷ್ಟೇ.

ಮೊದಲು ತಂತ್ರಾಂಶ, ಆಮೇಲೆ ತಂತಿ

ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದುವ ಯಾವ ವಿದ್ಯಾರ್ಥಿಯೂ ಡ್ರೈವರ್ ಅಳವಡಿಸಬಲ್ಲ. ಎಂಜಿನಿಯರ್ ಬೇಕಿಲ್ಲ. ಬೇಕಾದುದು ಎರಡು ಮಾಹಿತಿ. ಒಂದು, ಸ್ಕ್ಯಾನರಿನ ಪೂರ್ತಿ ಮಾದರಿ ಸಂಖ್ಯೆ. ಅದು ಯಂತ್ರದ ತಳದಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಕೊನೆಯ ಒಂದು ಅಕ್ಷರವನ್ನೂ ಬಿಡದೆ ಬರೆದುಕೊಳ್ಳಿ. ಆ ಒಂದು ಅಕ್ಷರದಿಂದಲೇ ಡ್ರೈವರ್ ಬೇರೆಯಾಗಬಹುದು. ಎರಡು, ನಿಮ್ಮ ವಿಂಡೋಸ್ ಯಾವುದು, 32 ಬಿಟ್ಟಿನದೋ 64 ಬಿಟ್ಟಿನದೋ. ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಮ್’, ಅದರೊಳಗೆ ‘ಅಬೌಟ್’ ತೆರೆದರೆ ಎರಡೂ ಕಾಣುತ್ತವೆ. ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ. ಶಾಲೆಯ ಪ್ರಯೋಗಾಲಯದ ಹಳೆಯ ಯಂತ್ರದಲ್ಲಿ ವಿಂಡೋಸ್ 7 ಇನ್ನೂ ಉಳಿದಿದ್ದರೆ ಆಶ್ಚರ್ಯವಿಲ್ಲ. ಅದಕ್ಕೆ ಮೈಕ್ರೊಸಾಫ್ಟಿನ ಬೆಂಬಲ 2020ರ ಜನವರಿಯಲ್ಲೇ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ. ಹೊಸ ಸ್ಕ್ಯಾನರಿನ ಡ್ರೈವರ್ ಹಳೆಯ ವಿಂಡೋಸಿಗೆ ಸಿಗದೆ ಹೋಗಬಹುದು. ಹಳೆಯ ಸ್ಕ್ಯಾನರಿನದು ಹೊಸದಕ್ಕೆ ಸಿಗದೆ ಹೋಗಬಹುದು.

ಪೆಟ್ಟಿಗೆಯಲ್ಲಿ ಸಿ.ಡಿ. ಇದ್ದರೂ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹಾಕಲು ಜಾಗವೇ ಇಲ್ಲ. ಆದ್ದರಿಂದ ತಯಾರಿಕಾ ಕಂಪನಿಯ ಅಧಿಕೃತ ಜಾಲತಾಣಕ್ಕೆ ಹೋಗಿ, ‘ಸಪೋರ್ಟ್’ ವಿಭಾಗದಲ್ಲಿ ಮಾದರಿ ಸಂಖ್ಯೆ ಕೊಟ್ಟು ಡ್ರೈವರನ್ನು ಇಳಿಸಿಕೊಳ್ಳಬೇಕು. ಇಲ್ಲೊಂದು ಎಚ್ಚರಿಕೆ. ಗೂಗಲಿನಲ್ಲಿ ಹುಡುಕಿದಾಗ ಮೇಲ್ಗಡೆ ಕಾಣುವ ಎಲ್ಲವೂ ಕಂಪನಿಯ ತಾಣಗಳಲ್ಲ. ಯಾವ ಯಂತ್ರಕ್ಕಾದರೂ ಡ್ರೈವರ್ ಉಚಿತ ಎಂದು ದೊಡ್ಡ ಹಸಿರು ಗುಂಡಿ ತೋರಿಸುವ ತಾಣಗಳಲ್ಲಿ ಡ್ರೈವರಿನ ಹೆಸರಲ್ಲಿ ಬೇರೇನೋ ಒಳನುಗ್ಗುತ್ತದೆ. ಮನೆಯವರೆಲ್ಲರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳಿರುವ ಕಂಪ್ಯೂಟರಿಗೆ ಇಂಥದನ್ನು ಬಿಟ್ಟುಕೊಳ್ಳುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆಯೇ. ಅಳವಡಿಸುವಾಗ ‘ಈ ತಂತ್ರಾಂಶಕ್ಕೆ ಅನುಮತಿ ಕೊಡಲೇ?’ ಎಂದು ವಿಂಡೋಸ್ ಕೇಳುತ್ತದಲ್ಲ, ಅಲ್ಲಿ ಪ್ರಕಾಶಕರ ಹೆಸರೆಂದು ಸ್ಕ್ಯಾನರ್ ಕಂಪನಿಯದೇ ಇದೆಯೇ ನೋಡಿಕೊಳ್ಳಿ. ‘ಅಪರಿಚಿತ’ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಕ್ರಮ. ತಂತಿ ಜೋಡಿಸುವುದು ಕೊನೆಗೆ. ಬಹಳ ಕಂಪನಿಗಳ ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ, ನಾವು ಬಹಳ ಜನ ಅದನ್ನೇ ಓದುವುದಿಲ್ಲ. ಮೊದಲು ತಂತಿ ಚುಚ್ಚಿದರೆ ವಿಂಡೋಸ್ ತನಗೆ ತೋಚಿದ ಯಾವುದೋ ಸಾಮಾನ್ಯ ಡ್ರೈವರನ್ನು ತಗುಲಿಸಿಬಿಡಬಹುದು, ಇಲ್ಲವೇ ‘ಗುರುತಿಸಲಾಗದ ಸಾಧನ’ ಎಂದು ದಾಖಲಿಸಿಕೊಂಡುಬಿಡಬಹುದು. ಆಮೇಲೆ ಸರಿಯಾದ ಡ್ರೈವರ್ ಬಂದರೂ ಹಳೆಯದು ಕುರ್ಚಿ ಬಿಟ್ಟು ಏಳುವುದಿಲ್ಲ. ಆದ್ದರಿಂದ ಸ್ಕ್ಯಾನರನ್ನು ಬದಿಗಿಟ್ಟು, ಇಳಿಸಿಕೊಂಡ ಕಡತವನ್ನು ಎರಡು ಸಲ ಒತ್ತಿ ಚಾಲೂ ಮಾಡಿ, ಅದು ಮುಗಿದ ಮೇಲೆ ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿ, ಅನಂತರ ತಂತಿ ಜೋಡಿಸಿ. ಮಧ್ಯೆ ಪಾಸ್‌ವರ್ಡ್ ಕೇಳಿದರೆ ಅದು ಕಂಪ್ಯೂಟರಿನ ಮೇಲ್ವಿಚಾರಕರ ಪಾಸ್‌ವರ್ಡ್. ಶಾಲೆಯ ಯಂತ್ರವಾದರೆ ಗುರುಗಳನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಕೆಲವು ಮಾದರಿಗಳು ದುಭಾಷಿಯನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡು ಬರುತ್ತವೆ. ಕ್ಯಾನನ್ ಕಂಪನಿಯ ಪಿ-215 ಅಂಥದು. ಅದರಲ್ಲಿ ‘ಆಟೋ ಸ್ಟಾರ್ಟ್’ ಎಂಬ ಪುಟ್ಟ ಸ್ವಿಚ್ ಇದೆ. ಆನ್ ಮಾಡಿ ಜೋಡಿಸಿದರೆ ಸ್ಕ್ಯಾನರ್ ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಅದರೊಳಗಿನ ತಂತ್ರಾಂಶ ಒತ್ತಿದರೆ ಏನನ್ನೂ ಅಳವಡಿಸದೆಯೇ ಕೆಲಸ ಶುರು. ಬೇರೆಯವರ ಕಂಪ್ಯೂಟರಿನಲ್ಲಿ ಕೆಲಸ ಮಾಡುವಾಗ ಇದು ವರವೇ ಸರಿ. ಆದರೆ ಪೂರ್ಣ ಡ್ರೈವರನ್ನು ಕಂಪ್ಯೂಟರಿನಲ್ಲಿ ಅಳವಡಿಸಿಕೊಂಡ ಮೇಲೆ ಸ್ವಿಚ್ಚನ್ನು ಆಫ್ ಮಾಡಬೇಕು. ಅದನ್ನು ಮರೆತು, ಡ್ರೈವರ್ ಇದ್ದೂ ಸ್ಕ್ಯಾನರ್ ಕಾಣುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವ ಸಂಭವ ಇದೆ.

ಹಳದಿ ಗುರುತು ಕಂಡರೆ

ಎಲ್ಲ ಮಾಡಿದರೂ ಯಂತ್ರ ಮಾತಾಡದಿದ್ದರೆ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಕಂಪ್ಯೂಟರಿಗೆ ಸೇರಿದ ಎಲ್ಲ ಸಾಧನಗಳ ಹಾಜರಿ ಪುಸ್ತಕ ಅದು. ಸ್ಕ್ಯಾನರ್ ಸರಿಯಿದ್ದರೆ ‘ಇಮೇಜಿಂಗ್ ಡಿವೈಸಸ್’ ಎಂಬ ಸಾಲಿನಲ್ಲಿರುತ್ತದೆ. ಹೆಸರಿನ ಪಕ್ಕ ಹಳದಿ ಗುರುತಿದ್ದು, ಒತ್ತಿ ನೋಡಿದಾಗ ಕೋಡ್ 28 ಎಂದಿದ್ದರೆ ಡ್ರೈವರ್ ಅಳವಟ್ಟಿಲ್ಲ ಎಂದರ್ಥ. ಆಗ ಆ ಸಾಲಿನ ಮೇಲೆ ಬಲಗುಂಡಿ ಒತ್ತಿ ‘ಅನ್‌ಇನ್‌ಸ್ಟಾಲ್’ ಮಾಡಿ, ಹಳೆಯ ಡ್ರೈವರನ್ನೂ ಅಳಿಸುವ ಆಯ್ಕೆ ಕಂಡರೆ ಅದನ್ನೂ ಒತ್ತಿ, ತಂತಿ ಕಿತ್ತು, ಮೊದಲಿನಿಂದ ಶುರುಮಾಡಬೇಕು.

ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲವೇ? ಹಾಗಿದ್ದರೆ ದೋಷ ಡ್ರೈವರಿನದಲ್ಲ, ತಂತಿಯದು ಇಲ್ಲವೇ ವಿದ್ಯುತ್ತಿನದು. ಕೆಲವು ಅಗ್ಗದ ಕೇಬಲ್‌ಗಳು ಮೊಬೈಲ್ ಚಾರ್ಜ್ ಮಾಡಲು ಮಾತ್ರ. ಅವುಗಳಲ್ಲಿ ಮಾಹಿತಿ ಹರಿಯುವ ಎಳೆಗಳೇ ಇರುವುದಿಲ್ಲ. ಸ್ಕ್ಯಾನರಿನ ಜೊತೆ ಬಂದ ಕೇಬಲ್ಲನ್ನೇ ಬಳಸಿ. ಇನ್ನು ಈ ಪುಟ್ಟ ಯಂತ್ರಗಳಲ್ಲಿ ಹಲವಕ್ಕೆ ಬೇರೆ ಕರೆಂಟ್ ಇಲ್ಲ. ಯುಎಸ್‌ಬಿ ತಂತಿಯಿಂದಲೇ ಮೋಟಾರು ತಿರುಗಬೇಕು. ಹಳೆಯ ಯುಎಸ್‌ಬಿ 2 ಕೊಡುವುದು ಹೆಚ್ಚೆಂದರೆ 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಒಂದು ಯುಎಸ್‌ಬಿ ಕಿಂಡಿಯನ್ನು ನಾಲ್ಕಾಗಿ ಹಂಚುವ ಅಗ್ಗದ ಹಬ್‌ಗೆ ಸಿಕ್ಕಿಸಿದರೆ ಹಾಳೆ ಅರ್ಧದಲ್ಲಿ ನಿಂತುಬಿಡುತ್ತದೆ. ನೇರ ಕಂಪ್ಯೂಟರಿಗೇ, ಸಾಧ್ಯವಾದರೆ ಒಳಗೆ ನೀಲಿ ಬಣ್ಣವಿರುವ ಕಿಂಡಿಗೆ ಜೋಡಿಸಬೇಕು.

ಹಳೆಯ ಸ್ಕ್ಯಾನರಿಗೆ ಕಂಪನಿ ಡ್ರೈವರ್ ಕೊಡುವುದನ್ನೇ ನಿಲ್ಲಿಸಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಇರುವ ಕಂಪ್ಯೂಟರಿಗೆ ಒಮ್ಮೆ ಜೋಡಿಸಿ ನೋಡಿ. ‘ಸೇನ್’ ಎಷ್ಟೋ ಹಳೆಯ ಯಂತ್ರಗಳ ಭಾಷೆಯನ್ನು ಬಲ್ಲದು, ಅದೂ ಪುಕ್ಕಟೆಯಾಗಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಶಾಲೆಯಲ್ಲಿ ಲಿನಕ್ಸೇ ಪರಿಚಿತ, ಕೇರಳ ಸರ್ಕಾರದ ನೀತಿಯಿಂದಾಗಿ. ನಮ್ಮಲ್ಲಿ ಅದು ಇನ್ನೂ ಅಪರೂಪ. ವಿಂಡೋಸಿನಲ್ಲೇ ಆಗಬೇಕೆಂದರೆ ‘ವ್ಯೂಸ್ಕ್ಯಾನ್’ ಎಂಬ ತಂತ್ರಾಂಶ ತನ್ನದೇ ಡ್ರೈವರುಗಳೊಂದಿಗೆ ಬರುತ್ತದೆ, ಆದರೆ ದುಡ್ಡು ಕೊಡಬೇಕು. ಡ್ರೈವರ್ ಸರಿಯಿದ್ದೂ ಕಂಪನಿ ಕೊಟ್ಟ ಸ್ಕ್ಯಾನಿಂಗ್ ತಂತ್ರಾಂಶ ಕಿರಿಕಿರಿ ಮಾಡಿದರೆ ‘ನ್ಯಾಪ್ಸ್2’ ಉಚಿತವಾಗಿ ಸಿಗುತ್ತದೆ. ಟ್ವೇನ್, ವಿಯಾ ಎರಡೂ ಅದಕ್ಕೆ ಗೊತ್ತು.

ಮೊಹರು ಮಾಯವಾಗುವ ಬಗೆ

ಡ್ರೈವರ್ ಕೂತಿತು, ಹಾಳೆ ಓಡಿತು, ಕೆಲಸ ಮುಗಿಯಿತೆಂದು ಎದ್ದುಬಿಡಬಾರದು. ಯಂತ್ರ ಯಾವ ರೀತಿ ಓದಬೇಕೆಂಬ ಆಯ್ಕೆಗಳೂ ಡ್ರೈವರಿನ ಕಿಟಕಿಯಲ್ಲೇ ಇವೆ. ಅಲ್ಲಿ ‘ಕಪ್ಪು-ಬಿಳುಪು’ ಎಂದಿದ್ದರೆ ಪ್ರತಿ ಚುಕ್ಕೆಯೂ ಒಂದೋ ಪೂರ್ತಿ ಕಪ್ಪು, ಇಲ್ಲವೇ ಪೂರ್ತಿ ಬಿಳಿ. ನಡುವಿನದೇನೂ ಇಲ್ಲ. ಮುದ್ರಿತ ಅಕ್ಷರ ಚೆನ್ನಾಗಿಯೇ ಬರುತ್ತದೆ. ಆದರೆ ತೆಳು ನೀಲಿಯ ಮೊಹರು, ಇಂಕು ಮುಗಿಯುತ್ತ ಬಂದ ಪೆನ್ನಿನ ಸಹಿ ‘ಬಿಳಿ’ಯ ಲೆಕ್ಕಕ್ಕೆ ಸೇರಿ ಅಳಿಸಿಹೋಗುತ್ತವೆ. ಮುಖ್ಯೋಪಾಧ್ಯಾಯರು ಸಹಿ ಮಾಡಿದ್ದಾರೆ, ಮೊಹರೂ ಇದೆ, ಆದರೆ ಅಧಿಕಾರಿಗೆ ಕಾಣುವ ಪ್ರತಿಯಲ್ಲಿ ಎರಡೂ ಇಲ್ಲ! ಪ್ರಮಾಣಪತ್ರಗಳನ್ನು ಯಾವಾಗಲೂ ಬಣ್ಣದಲ್ಲಿ, 200ರಿಂದ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಮೂಲ ಪ್ರತಿಯಾಗಿ ಇಟ್ಟುಕೊಳ್ಳಿ. ಅರ್ಜಿಯ ತಾಣ ಕೇಳಿದಷ್ಟು ಕಿಲೋಬೈಟಿಗೆ ಇಳಿಸುವುದು ಆಮೇಲಿನ ಕೆಲಸ; ದೊಡ್ಡದನ್ನು ಚಿಕ್ಕದು ಮಾಡಬಹುದು, ಮಸುಕಾದುದನ್ನು ಸ್ಪಷ್ಟ ಮಾಡಲಾಗದು.

ಅಸಲು ಅಂಕಪಟ್ಟಿಯ ವಿಷಯದಲ್ಲಿ ತುಸು ಅಂಜಿಕೆ ಇರಲಿ. ಸ್ಟೇಪಲ್ ಪಿನ್ನು ಕೀಳದೆ ತೂರಿಸಿದರೆ ಹಾಳೆಯೂ ಹರಿಯುತ್ತದೆ, ಯಂತ್ರದ ಗಾಜಿನ ಮೇಲೂ ಗೀರು ಬೀಳುತ್ತದೆ. ಲ್ಯಾಮಿನೇಷನ್ ಮಾಡಿಸಿದ ಹಾಳೆ ದಪ್ಪವಾಗಿ ಸಿಕ್ಕಿಕೊಳ್ಳುವುದುಂಟು. ಮಡಿಕೆಯಲ್ಲಿ ಹರಿಯುವಂತಾದ ಹಳೆಯ ಪತ್ರಗಳನ್ನು ಉರುಳೆಗೆ ಕೊಡದೆ, ಪಾರದರ್ಶಕ ಹಾಳೆಯ ನಡುವೆ ಇಟ್ಟು ತೂರಿಸಬೇಕು. ಹಾಗೆ ಮಾಡಬಹುದೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ನಮ್ಮ ಬೇಸಿಗೆಯ ಧೂಳಿಗೆ ಉರುಳೆಗಳು ಜಾರತೊಡಗುತ್ತವೆ. ಆಗ ಹಾಳೆ ಸೊಟ್ಟಗೆ ಹೋದರೆ ಡ್ರೈವರನ್ನು ದೂರದೆ ಮೆತ್ತನೆಯ ಬಟ್ಟೆಯಿಂದ ಒರೆಸಿ.

ಕೊಳ್ಳಬೇಕೆ?

ಒಬ್ಬ ಮಗ, ವರ್ಷಕ್ಕೊಂದು ಅರ್ಜಿ ಎಂಬ ಮನೆಗೆ ಸ್ಕ್ಯಾನರಿನ ಖರ್ಚು ಬೇಡವೇ ಬೇಡ ಎಂಬುದು ಈ ಲೇಖಕನ ಅಭಿಪ್ರಾಯ. ಒಳ್ಳೆಯ ಮೊಬೈಲ್ ಕ್ಯಾಮೆರಾ, ಕಿಟಕಿಯ ಬೆಳಕು, ನೆರಳು ಬೀಳದಂತೆ ನಿಲ್ಲುವ ತಾಳ್ಮೆ ಇದ್ದರೆ ಸಾಕು. ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿನ ಆರ್‌ಡಿ ಸಂಖ್ಯೆಯನ್ನು ತುಂಬಿದರೆ ಸಾಕೆನ್ನುವ ಅರ್ಜಿಗಳೂ ಇವೆ. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಅಂಕಪಟ್ಟಿಗಳೂ ಸಿಗುತ್ತವೆ. ಅಂಥ ಕಡೆ ಸ್ಕ್ಯಾನೇ ಬೇಕಿಲ್ಲ. ಹಾಸ್ಟೆಲ್, ಶಾಲೆ, ಟ್ಯೂಷನ್ ಕೇಂದ್ರಗಳ ಮಾತು ಬೇರೆ. ಕಟ್ಟುಕಟ್ಟು ಹಾಳೆಗಳಿಗೆ ಮೊಬೈಲ್ ಸಾಲದು. ಮಕ್ಕಳ ದಾಖಲೆಗಳು ಯಾರದೋ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದುಬಿಡುವ ಭಯವೂ ಇರದು.

ಕೊಳ್ಳುವುದಾದರೆ ಬೆಲೆ ಕೇಳುವ ಮುನ್ನ ಕಂಪನಿಯ ತಾಣದಲ್ಲಿ ಆ ಮಾದರಿಗೆ ನಿಮ್ಮ ವಿಂಡೋಸಿನ ಡ್ರೈವರ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ಹೊಸ ಲ್ಯಾಪ್‌ಟಾಪ್ ಇದ್ದವರು ಇನ್ನೂ ಜಾಗ್ರತೆಯಿಂದಿರಬೇಕು. ಅಲ್ಲಿಯೂ ವಿಂಡೋಸ್ ಇರುತ್ತದೆ, ಆದರೆ ಆರ್ಮ್ ಬಗೆಗೆಂದೇ ಬರೆದ ಡ್ರೈವರ್ ಬೇಕು. ಇಂಟೆಲ್ ಯಂತ್ರದ ಡ್ರೈವರ್ ಅಲ್ಲಿ ನಡೆಯದು. ವೈಫೈ ಇರುವ ಕೆಲವು ಸ್ಕ್ಯಾನರುಗಳು ‘ಇಎಸ್‌ಸಿಎಲ್’ ಎಂಬ ಪದ್ಧತಿ ಬಲ್ಲವು. ಅವಕ್ಕೆ ಬೇರೆ ಡ್ರೈವರೇ ಬೇಕಿಲ್ಲ, ಬೆಲೆ ಮಾತ್ರ ತುಸು ಹೆಚ್ಚು.

ಕೊಂಡ ಮೇಲೆ ಮೊದಲ ದಿನವೇ ಇಳಿಸಿಕೊಂಡ ಡ್ರೈವರಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಡಿ. ವರ್ಷದ ನಡುವೆ ಯಾರೋ ಬಂದು ವೈರಸ್ ಎಂದು ಹಾಸ್ಟೆಲ್ಲಿನ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಹೋಗುತ್ತಾರೆ. ಡ್ರೈವರೂ ಅದರೊಂದಿಗೇ ಹೋಗುತ್ತದೆ. ಅದು ತಿಳಿಯುವುದು ಅರ್ಜಿಯ ಕೊನೆಯ ದಿನ, ಇಂಟರ್‌ನೆಟ್ ತೆವಳುತ್ತಿರುವಾಗ. ಮಾದರಿ ಸಂಖ್ಯೆ, ವಿಂಡೋಸಿನ ಹೆಸರು, ಇಳಿಸಿಕೊಂಡ ದಿನಾಂಕ ಬರೆದ ಚೀಟಿಯೊಂದಿಗೆ ಆ ಪೆನ್‌ಡ್ರೈವನ್ನೂ ಅಸಲಿ ಕೇಬಲ್ಲನ್ನೂ ಸ್ಕ್ಯಾನರಿನ ಚೀಲದಲ್ಲೇ ಇಡಬೇಕು.